ಅರ್ಧಣ್ಣನ ಇನ್ನೂರು ಕಿಲೋಮೀಟರು

ನಮ್ಮ ಪಕ್ಕದ ಮನೆಯವನಿಗೆ ಹೆತ್ತವರು ಇಟ್ಟ ಹೆಸರು ಒಂದಿದೆ. ಅದು ಅವನ ಸಂಬಳದ ಚೀಟಿಯಲ್ಲಿ ಕ್ಷೇಮವಾಗಿದೆ. ಬೀದಿಯಲ್ಲಿ ಮಾತ್ರ ಅವನು ಅರ್ಧಣ್ಣ. ಈ ಹೆಸರು ಇಟ್ಟವರು ಯಾರೋ ಗೊತ್ತಿಲ್ಲ, ಅವರ ಬಾಯಿಗೆ ಸಕ್ಕರೆ ಹಾಕಬೇಕು. ಅವನ ಮನೆಯ ಗೇಟಿನ ಎಡ ಬಾಗಿಲಿಗೆ ಹಸಿರು ಬಣ್ಣ, ಬಲ ಬಾಗಿಲಿಗೆ ತುಕ್ಕು. ಹಾರ್ಮೋನಿಯಂ ಕಲಿಯಲು ಹೋಗಿ ಏಳು ಸ್ವರಗಳಲ್ಲಿ ನಾಲ್ಕನ್ನು ವಶಪಡಿಸಿಕೊಂಡು ಮಿಕ್ಕ ಮೂರನ್ನು ಕ್ಷಮಿಸಿ ಬಿಟ್ಟ. ನಮ್ಮ ಎರಡು ಮನೆಗಳ ನಡುವೆ ಅವನು ಕಟ್ಟಲು ಹೊರಟ ಕಾಂಪೌಂಡು ಮೊಣಕಾಲಿನವರೆಗೆ ಬೆಳೆದು ನಿಂತಿದೆ. ಅದರಿಂದಾಗಿ ಅವನ ಮನೆಯೊಳಗೆ ನಡೆಯುವುದೆಲ್ಲ ನನಗೆ ಕಾಣುತ್ತದೆ, ಕೇಳುತ್ತದೆ. ನಾನೇನೂ ಕದ್ದು ಕೇಳುವ ಪೈಕಿಯಲ್ಲ. ಗೋಡೆ ಎತ್ತರವಾಗಿದ್ದರೆ ಕದ್ದು ಕೇಳಬೇಕಾಗುತ್ತಿತ್ತು.

ಇವೆಲ್ಲಕ್ಕಿಂತ ಹಳೆಯದು ಅವನ ಹಜಾರದ ಗೋಡೆಯ ಮೊಳೆ. ಮದುವೆಯಾದ ಹೊಸದರಲ್ಲಿ, ಮದುವೆಯ ಫೋಟೋ ತೂಗುಹಾಕಲೆಂದು ಹೊಡೆದದ್ದು. ಮೊಳೆ ಹೊಡೆದ ಆಯಾಸಕ್ಕೆ ಫೋಟೋ ತರುವುದು ಮುಂದಕ್ಕೆ ಹೋಯಿತು. ಮುಂದಕ್ಕೆ ಹೋಗುತ್ತ ಹೋಗುತ್ತ ಸ್ಟುಡಿಯೋದವನೇ ಅಂಗಡಿ ಮುಚ್ಚಿ ಹೋದ. ಮೊಳೆ ಉಳಿಯಿತು. ಅವನ ಹೆಂಡತಿ ಆ ಮೊಳೆಗೆ ಒಂದು ಬಟ್ಟೆ ಚೀಲವನ್ನೂ ತೂಗುಹಾಕಲು ಬಿಟ್ಟವರಲ್ಲ. ಅವನು ಬೀದಿಗೆಲ್ಲ ಅಣ್ಣನಾದ್ದರಿಂದ ಅವರು ನಮಗೆಲ್ಲ ಅತ್ತಿಗೆ. "ಅದು ಫೋಟೋ ಮೊಳೆ, ಮುಟ್ಟಬೇಡಿ" ಎನ್ನುತ್ತಿದ್ದರು ಅತ್ತಿಗೆ. ಬೈದದ್ದನ್ನು ನಾನು ಕೇಳಿಲ್ಲ. ಬೈದಿದ್ದರೆ ಅರ್ಧಣ್ಣನಿಗೆ ಎಷ್ಟೋ ಹಗುರಾಗುತ್ತಿತ್ತು.

ಕಥೆ ಶುರುವಾದದ್ದು ಒಂದು ಭಾನುವಾರ. ಅತ್ತಿಗೆಯ ತಮ್ಮ ಬಂದಿದ್ದ. ಇವನು ಬೆಳಗ್ಗೆ ಎದ್ದು ಓಡುವ ಜಾತಿಯ ಮನುಷ್ಯ. ಓಡುವುದಕ್ಕಿಂತ ಹೆಚ್ಚು ಹೊತ್ತು ಓಡಿದ್ದರ ಬಗ್ಗೆ ಮಾತಾಡುತ್ತಾನೆ. ಪೇಪರು ಓದುತ್ತಾ, "ಭಾವ, ಇಲ್ಲಿ ನೋಡಿ, ಇನ್ನೂರು ಕಿಲೋಮೀಟರ್ ಸೈಕಲ್ ಸವಾರಿಯಂತೆ. ಬೆಳಗ್ಗೆ ಹೊರಟು ಕತ್ತಲಾಗೋದರೊಳಗೆ ವಾಪಸ್. ನೀವು ಹೋಗ್ತೀರಾ?" ಎಂದು ನಕ್ಕ. "ನೀವು ಮೆಟ್ಟಿಲು ಹತ್ತಿದ್ರೆ ಮೇಲಕ್ಕೆ ಮೊದಲು ಹೊಟ್ಟೆ ಬರುತ್ತೆ, ಆಮೇಲೆ ನೀವು ಬರ್ತೀರಿ."

"ಇನ್ನೂರು ಏನು ಮಹಾ?" ಎಂದ ಅರ್ಧಣ್ಣ. ಮನೆಯೊಳಗೆ ಕುಳಿತಾಗ ಯಾವ ಗಂಡಸಿಗೂ ಇನ್ನೂರು ಮಹಾ ಅಲ್ಲ.

ಅಡುಗೆಮನೆಯಿಂದ ಅತ್ತಿಗೆಯ ದನಿ ಬಂತು. "ಶುರುಮಾಡಿ ಬಿಡೋದಾದ್ರೆ ಸಾವಿರ ಕಿಲೋಮೀಟರೂ ಮಹಾ ಅಲ್ಲ ಬಿಡು."

ತಮ್ಮ ತೊಡೆ ತಟ್ಟಿಕೊಂಡು ನಕ್ಕ. ಅರ್ಧಣ್ಣ ಎದ್ದು ನಿಂತ. ಅವನ ಕಿವಿ ಕೆಂಪಗಾದದ್ದು ನನ್ನ ವರಾಂಡದವರೆಗೂ ಕಂಡಿತು. "ಮುಗಿಸ್ತೀನಿ. ಮುಗಿಸಲಿಲ್ಲ ಅಂದ್ರೆ ಆ ಮೊಳೇನ ನನ್ನ ಕೈಯಾರೆ ಕಿತ್ತು ಬೀದಿಗೆ ಎಸೀತೀನಿ!"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಅತ್ತಿಗೆ ಬಾಗಿಲಿಗೆ ಬಂದು ಒಂದು ಸಲ ಗಂಡನನ್ನು, ಒಂದು ಸಲ ಮೊಳೆಯನ್ನು ನೋಡಿ ಒಳಗೆ ಹೋದರು. ಅಷ್ಟು ಹೊತ್ತಿಗೆ ಆಣೆ ಆಗಿಹೋಗಿತ್ತು.

ಆ ಸವಾರಿ ನಡೆಸುವ ಸಂಘಕ್ಕೆ ಕಾರ್ಯದರ್ಶಿ ಒಬ್ಬ ಹಲ್ಲಿನ ಡಾಕ್ಟರು. ಜನ ಬಾಯಿ ತೆರೆದು ಉತ್ತರ ಕೊಡಲಾಗದೆ ಕುಳಿತಿರುವಾಗ ಅವರಿಗೆ ಸೈಕಲ್ಲಿನ ಮಹಿಮೆ ಹೇಳಿ ಹೇಳಿ ಸಂಘ ಬೆಳೆಸಿದವರು. ಅವರೇ ತಮ್ಮ ಹಳೇ ಸೈಕಲ್ಲನ್ನು ಅರ್ಧಣ್ಣನಿಗೆ ದಾಟಿಸಿದರು. ಬೆರಳಷ್ಟು ದಪ್ಪದ ಟೈರು, ಕೆಳಕ್ಕೆ ಬಗ್ಗಿದ ಹ್ಯಾಂಡಲ್ಲು, ಬಾಳೆಹಣ್ಣಿನಷ್ಟು ಅಗಲದ ಸೀಟು. ಆ ಸೀಟಿನ ಕಷ್ಟಕ್ಕೆಂದು ಹಿಂಭಾಗದಲ್ಲಿ ಮೆತ್ತೆ ಹೊಲಿದ ಬಿಗಿ ಚಡ್ಡಿಯೊಂದನ್ನೂ ಕೊಂಡ. ಮೊದಲ ದಿನ ಅದನ್ನು ಹಿಂದುಮುಂದಾಗಿ ಹಾಕಿಕೊಂಡು ಬೀದಿಗೆ ಬಂದು ನಿಂತ. ಎದುರು ಮನೆಯ ಅಜ್ಜಿ ಕನ್ನಡಕ ಏರಿಸಿ ನೋಡಿ, "ಹರ್ನಿಯಾ ಆಪರೇಷನ್ ಆಯ್ತೇನಪ್ಪ? ಹುಷಾರು, ಭಾರ ಎತ್ತಬೇಡ" ಎಂದರು.

ಇಷ್ಟರಲ್ಲೇ ಅರ್ಧಣ್ಣ ತನ್ನ ಸ್ವಭಾವಕ್ಕೆ ತಕ್ಕಂತೆ ಸೈಕಲ್ಲನ್ನು ಗೋಡೆಗೆ ಒರಗಿಸಿಬಿಡುತ್ತಿದ್ದ. ಮೂರನೆಯ ದಿನಕ್ಕೇ ಮಂಡಿ ನೋವು ಎಂದು ಕುಂಟತೊಡಗಿದ್ದ. ಆದರೆ ಅದೇ ಸಂಜೆ ಡಾಕ್ಟರು ಸವಾರಿಯ ನಿಯಮಗಳನ್ನು ಹೇಳಿದರು. ದಾರಿಯಲ್ಲಿ ಸಂಘದವರು ಯಾರೂ ಕಾವಲಿರುವುದಿಲ್ಲ. ಗೊತ್ತುಮಾಡಿದ ಊರುಗಳಲ್ಲಿ ಸವಾರನೇ ಯಾವುದಾದರೂ ಅಂಗಡಿಗೆ ಹೋಗಿ, ತನ್ನ ಕಾರ್ಡಿನ ಮೇಲೆ ಆ ಅಂಗಡಿಯ ಸೀಲು ಹಾಕಿಸಿ, ಸಮಯ ಬರೆಸಿ, ಸಹಿ ತೆಗೆದುಕೊಳ್ಳಬೇಕು. ಅಲ್ಲಿಗೆ ಹೋಗಿದ್ದಕ್ಕೆ ಅದೇ ಸಾಕ್ಷಿ.

"ಸೀಲು?" ಎಂದ ಅರ್ಧಣ್ಣ. ಮಂಡಿ ನೋವು ಅಲ್ಲೇ ಮಾಯವಾಯಿತು.

ಇಲ್ಲಿ ಒಂದು ಮಾತು ಹೇಳಬೇಕು. ಅರ್ಧಣ್ಣ ಪುರಸಭೆಯ ಲೈಸೆನ್ಸ್ ವಿಭಾಗದ ಗುಮಾಸ್ತ. ಊರಿನ ಅಂಗಡಿಗಳ ಲೈಸೆನ್ಸಿನ ಮೇಲೆ ಸೀಲು ಒತ್ತುವುದೇ ಅವನ ಇಷ್ಟು ವರ್ಷಗಳ ಉದ್ಯೋಗ. ಅವನು ಅರ್ಧಕ್ಕೆ ಬಿಡದೆ ಮಾಡುವ ಕೆಲಸ ಇಡೀ ಲೋಕದಲ್ಲಿ ಅದೊಂದೇ. ಶಾಯಿ ಹರಡದಂತೆ, ವೃತ್ತ ವಕ್ರವಾಗದಂತೆ ಅವನು ಒತ್ತುವ ಸೀಲನ್ನು ನೋಡಿದರೆ ಇವನೇನಾ ಅವನು ಅನ್ನಿಸುತ್ತದೆ. ಸೀಲಿಲ್ಲದ ಕಾಗದವನ್ನು ಅವನು ಕಾಗದವೆಂದೇ ಒಪ್ಪುವುದಿಲ್ಲ. ಅಂಥವನಿಗೆ, ಸೀಲು ಹಾಕಿಸಿಕೊಂಡು ಬರುವುದೇ ಒಂದು ಆಟ ಎಂದು ತಿಳಿದರೆ ಹೇಗಾಗಬೇಡ!

"ಡಾಕ್ಟ್ರೇ, ಇದನ್ನ ಪ್ರಾಕ್ಟೀಸ್ ಮಾಡಬಹುದಾ?"

"ಸೈಕಲ್ ತುಳಿಯೋದು ಪ್ರಾಕ್ಟೀಸ್ ಮಾಡ್ರೀ!"

"ಅದೂ ಮಾಡ್ತೀನಿ" ಎಂದ ಅರ್ಧಣ್ಣ.

ನಿಯಮದ ಪ್ರಕಾರ ಬೆಳಕಿಗೆ ಹೊಳೆಯುವ ಜಾಕೆಟ್ಟು ಬೇಕು. ದುಡ್ಡು ಯಾಕೆ ಸುಮ್ಮನೆ ಎಂದು ಆಫೀಸಿನ ಉಗ್ರಾಣದಿಂದ ಒಂದನ್ನು ತಂದ. ರಸ್ತೆ ಕೆಲಸದವರಿಗೆ ಕೊಡುವಂಥದ್ದು. ಬೆನ್ನಿನ ಮೇಲೆ ಗೇಣುದ್ದದ ಅಕ್ಷರದಲ್ಲಿ ಪುರಸಭೆ ಎಂದು ಬರೆದಿತ್ತು. ಬೆನ್ನು ಅವನಿಗೆ ಕಾಣುವುದಿಲ್ಲ, ಆದ್ದರಿಂದ ಅದು ಅವನ ಗಮನಕ್ಕೂ ಬರಲಿಲ್ಲ.

ಮರುದಿನ ನಸುಕಿನಲ್ಲಿ ಹೆದ್ದಾರಿ ತಿರುವಿನ ಬೇಕರಿಗೆ ಹೋದ. ತಲೆಗೆ ಹೆಲ್ಮೆಟ್ಟು, ಕಣ್ಣಿಗೆ ಕರಿ ಕನ್ನಡಕ, ಎದೆಯ ಮೇಲೆ ಮಿಣುಕು ದೀಪ. ಬೇಕರಿಯವನು ಆಗಷ್ಟೇ ಬಾಗಿಲು ಎತ್ತಿ, ಹಳೇ ಬನ್ನುಗಳನ್ನು ಹೊಸ ಬನ್ನುಗಳ ನಡುವೆ ಸೇರಿಸುವ ಕೆಲಸದಲ್ಲಿದ್ದ.

"ಸೀಲ್ ಇದೆಯಾ?" ಎಂದ ಅರ್ಧಣ್ಣ. ಏದುಸಿರಿನಲ್ಲಿ ದನಿ ಗಡಸಾಗಿ ಹೊರಟಿತು.

ಬೇಕರಿಯವನ ಕೈಯಿಂದ ಬನ್ನು ಜಾರಿತು. "ಯಾ... ಯಾಕೆ ಸಾರ್?"

"ಇದರ ಮೇಲೆ ಹಾಕಿ. ಎಷ್ಟು ಹೊತ್ತಿಗೆ ಅಂತ ಬರೀರಿ. ಸಹಿ ಮಾಡಿ."

"ಸಾರ್, ದಿನಾ ಇಷ್ಟು ಬೇಗ ತೆಗೆಯಲ್ಲ ಸಾರ್. ಇವತ್ತೊಂದಿನ ಏನೋ..."

"ಸರಿಯಾದ ಟೈಮೇ ಬರೀರಿ. ಸುಳ್ಳು ಟೈಮ್ ಬರೆದ್ರೆ ಆಮೇಲೆ ತೊಂದರೆ ಆಗುತ್ತೆ."

ತೊಂದರೆ ಯಾರಿಗೆ ಎಂದು ಅವನು ಹೇಳಲಿಲ್ಲ. ಬೇಕರಿಯವನು ಅವಸರದಲ್ಲಿ ಸೀಲು ಒತ್ತಿದ. "ಸರಿಯಾಗಿ ಒತ್ತಿ, ವೃತ್ತ ಪೂರ್ತಿ ಬರಬೇಕು" ಎಂದು ಅರ್ಧಣ್ಣ ಇನ್ನೊಮ್ಮೆ ಒತ್ತಿಸಿದ. ತಿರುಗಿ ಹೊರಟಾಗ ಬೆನ್ನ ಮೇಲಿನ ಪುರಸಭೆ ಬೇಕರಿಯವನ ಕಣ್ಣಿಗೆ ಫಳ್ಳನೆ ಹೊಡೆಯಿತು. ಅವನ ಲೈಸೆನ್ಸು ಮುಗಿದು ಎರಡು ವರ್ಷವಾಗಿತ್ತು. "ಸಾರ್, ಸಾರ್!" ಎಂದು ಓಡಿಬಂದು ಒಂದು ಪೊಟ್ಟಣ ಬಿಸ್ಕತ್ತು, ಒಂದು ಚಿಪ್ಪು ಬಾಳೆಹಣ್ಣು ಕೈಗಿಟ್ಟ. ಬೇಡವೆಂದರೂ ಕೇಳಲಿಲ್ಲ.

ಅರ್ಧಣ್ಣ ಮನೆಗೆ ಬಂದವನೇ ಗಿಡ್ಡಗೋಡೆಯ ಮೇಲೆ ಕೂತು ನನಗೆ ಬಿಸ್ಕತ್ತು ಕೊಟ್ಟ. "ನಮ್ಮ ಜನಕ್ಕೆ ಕ್ರೀಡಾಭಿಮಾನ ಇಲ್ಲ ಅಂತಾರೆ. ಶುದ್ಧ ಸುಳ್ಳು! ಆ ಬೇಕರಿಯವನ ಕಣ್ಣಲ್ಲಿ ನೀರು ಬಂತು ಕಣ್ರೀ."

ನೀರು ಯಾಕೆ ಬಂತೆಂದು ನನಗೆ ಆ ಸಂಜೆ ತಿಳಿಯಿತು. ಬ್ರೆಡ್ಡು ತರಲು ಹೋದಾಗ ಬೇಕರಿಯವನು ಗಲ್ಲಾಪೆಟ್ಟಿಗೆಯ ಮೇಲೆ ಬಾಗಿ ಪಿಸುಗುಟ್ಟಿದ. "ನಿಮ್ಮ ಬೀದಿ ಕಡೆಯಿಂದ ಸೈಕಲ್ಲಲ್ಲಿ ಬರ್ತಾರಲ್ಲ, ಅವರು ಯಾರು ಸಾರ್?"

"ಪುರಸಭೆಯಲ್ಲಿದ್ದಾರೆ. ಲೈಸೆನ್ಸ್ ವಿಭಾಗ" ಎಂದೆ. ಸುಳ್ಳು ಹೇಳುವ ಅಭ್ಯಾಸ ನನಗಿಲ್ಲ. ಬೇಕರಿಯವನು ಆವತ್ತು ನನಗೂ ತಾಜಾ ಬ್ರೆಡ್ಡು ಕೊಟ್ಟ.

ಅಂದು ಅಂಗಡಿಯವರ ಫೋನುಗಳಲ್ಲಿ ಸುದ್ದಿ ಹಾರಾಡಿತು. ಗುಪ್ತ ತಪಾಸಣೆ ಶುರುವಾಗಿದೆ, ಜೀಪಿನಲ್ಲಿ ಬಂದರೆ ಸದ್ದಾಗುತ್ತದೆ ಎಂದು ಈ ಸಲ ಸೈಕಲ್ಲಿನಲ್ಲಿ ಬರುತ್ತಿದ್ದಾರೆ, ಅಂಗಡಿಯವನ ಕೈಯಲ್ಲೇ ಸೀಲು ಹಾಕಿಸಿ ಅವನನ್ನೇ ಸಿಕ್ಕಿಸುವ ಹೊಸ ಉಪಾಯ ಮಾಡಿದ್ದಾರೆ ಎಂದು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ ನಮ್ಮಲ್ಲಿ ಕಡಿಮೆಯೇ? ಇಡೀ ಹೆದ್ದಾರಿ ಹೆಗಲು ಮುಟ್ಟಿಕೊಂಡಿತು. ದಿನಸಿ ಅಂಗಡಿಯವನು ಫುಟ್‌ಪಾತಿನ ಮೇಲೆ ಪೇರಿಸಿದ್ದ ಡಬ್ಬಗಳನ್ನು ಒಳಗೆ ತೆಗೆದ. ಟೀ ಅಂಗಡಿಯವನು ಲೋಟಗಳನ್ನು ಸೋಪು ಹಾಕಿ ತೊಳೆದು ಗಿರಾಕಿಗಳನ್ನು ದಿಗಿಲುಗೊಳಿಸಿದ. ತಕ್ಕಡಿಗಳು ಇದ್ದಕ್ಕಿದ್ದಂತೆ ನ್ಯಾಯವಂತವಾದವು.

ಅರ್ಧಣ್ಣ ಮಾತ್ರ ಹಿಗ್ಗಿ ಹೀರೇಕಾಯಿಯಾದ. ಅವನು ಬರುವುದು ಕಂಡರೆ ಕುರ್ಚಿ ಹಾಕುತ್ತಿದ್ದರು. ಒಬ್ಬ ಬೀಸಣಿಗೆ ಬೀಸಿದ. ಇನ್ನೊಬ್ಬ, "ಸಾರ್, ನಮ್ಮ ಮೇಲೆ ದಯೆ ಇರಲಿ" ಎಂದು ಕೈಮುಗಿದ. "ನೀವೇ ನನ್ನ ಶಕ್ತಿ" ಎಂದು ಅರ್ಧಣ್ಣ ಅವನ ಭುಜ ತಟ್ಟಿ ಬಂದ. ಆ ಮನುಷ್ಯ ಎರಡು ದಿನ ಊಟ ಬಿಟ್ಟನಂತೆ. ಹೆಚ್ಚು ಸೀಲಿನ ಆಸೆಗೆ ಅರ್ಧಣ್ಣ ದಿನಕ್ಕೊಂದು ಊರು ಮುಂದೆ ಹೋಗತೊಡಗಿದ. ಹೊಟ್ಟೆ ಇಳಿಯಿತು, ತೊಡೆ ಗಟ್ಟಿಯಾಯಿತು. ಸೈಕಲ್ಲಿಗಾಗಿ ಸೀಲಲ್ಲ, ಸೀಲಿಗಾಗಿ ಸೈಕಲ್ಲು ಎಂಬಂತಾಗಿ, ಆರಂಭಶೂರನೆಂದು ಹೆಸರಾದವನು ಮೂರು ತಿಂಗಳು ಒಂದು ದಿನವೂ ಬಿಡದೆ ತುಳಿದ. ಅತ್ತಿಗೆ ಹಜಾರದ ಮೊಳೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದದ್ದನ್ನು ನಾನು ನೋಡಿದೆ.

ಸವಾರಿಯ ದಿನ ಬಂತು. ದಾರಿಯ ಕಥೆಯನ್ನು ನಾನು ಕಣ್ಣಾರೆ ಕಂಡಿಲ್ಲ, ಅರ್ಧಣ್ಣ ಹೇಳಿದ್ದು. ಅವನು ಸೇರಿಸಿದ ಉತ್ಪ್ರೇಕ್ಷೆಯನ್ನು ತೆಗೆದು ನನ್ನದನ್ನು ಹಾಕಿದ್ದೇನೆ.

ಮೂವತ್ತು ಚಿಲ್ಲರೆ ಸವಾರರು, ಎಲ್ಲರಿಗೂ ಹೆಲ್ಮೆಟ್ಟು, ಕರಿ ಕನ್ನಡಕ, ಹೊಳೆಯುವ ಜಾಕೆಟ್ಟು, ಮಿಣುಕು ದೀಪ. ಮುಂಜಾವದ ಮಬ್ಬಿನಲ್ಲಿ ಸಾಲಾಗಿ ಹೆದ್ದಾರಿ ತಿರುವಿಗೆ ಬಂದರು. ಬೇಕರಿಯವನು ಮಾಳಿಗೆಯ ಮೇಲೆ ಹಲ್ಲುಜ್ಜುತ್ತ ನಿಂತಿದ್ದ. ಬ್ರಷ್ಷನ್ನು ಬಾಯಲ್ಲೇ ಇಟ್ಟುಕೊಂಡು ಫೋನಿಗೆ ಕೂಗಿದ: "ಒಬ್ಬನಲ್ಲ ಸ್ವಾಮಿ, ದಂಡೇ ಬಂದಿದೆ! ಮುಚ್ಚಿ! ಎಲ್ಲರೂ ಮುಚ್ಚಿ!"

ಮೊದಲ ಸೀಲಿನ ಊರಿಗೆ, ಎಲ್ಲರ ಮುಂದೆ ತುಳಿಯುತ್ತಿದ್ದ ಡಾಕ್ಟರು ತಲುಪುವಷ್ಟರಲ್ಲಿ ಆ ಊರೆಂಬುದು ಬರೀ ಶಟರುಗಳ ಸಾಲಾಗಿತ್ತು. ಟೀ ಇಲ್ಲ, ನೀರಿಲ್ಲ, ಸೀಲಿಲ್ಲ. ಡಾಕ್ಟರು ಒಂದು ಶಟರು ಬಡಿದರು.

"ಯಾರೂ ಇಲ್ಲ!" ಎಂದಿತು ಒಳಗಿನಿಂದ ಒಂದು ದನಿ.

"ಮಾತಾಡ್ತಿದ್ದೀರಲ್ರೀ!"

"ಮಾಲೀಕರು ಊರಲ್ಲಿಲ್ಲ. ನಾನು ಕಿವುಡ."

ಮುಂದಿನ ಊರಿನಲ್ಲೂ ಅದೇ ಗತಿ. ಹಸಿದ ಸವಾರರು ಡಾಕ್ಟರ ಮೇಲೆ ಕೆಂಡಾಮಂಡಲವಾದರು. ಕೊನೆಗೆ ಡಾಕ್ಟರು ಸೋತು ವ್ಯಾನು ಕರೆಸಿ, ಸೈಕಲ್ಲುಗಳನ್ನು ಮೇಲಕ್ಕೆ ಕಟ್ಟಿಸುತ್ತಿದ್ದಾಗ, ಎಲ್ಲರಿಗಿಂತ ಹಿಂದೆ ಬಿದ್ದಿದ್ದ ಅರ್ಧಣ್ಣ ತೇಕುತ್ತ ಅಲ್ಲಿಗೆ ಬಂದ.

"ಹತ್ತಿ ಸಾರ್. ಸವಾರಿ ರದ್ದಾಯ್ತು" ಎಂದರು ಡಾಕ್ಟರು.

"ಯಾರು ರದ್ದು ಮಾಡಿದ್ದು?"

"ನಾನೇ. ಸಂಘ."

"ಲಿಖಿತ ಆದೇಶ ಇದೆಯಾ?"

ಡಾಕ್ಟರು ಕಣ್ಣುಕಣ್ಣು ಬಿಟ್ಟರು. "ರಸ್ತೆ ಮಧ್ಯದಲ್ಲಿ ಲಿಖಿತ ಆದೇಶ ಎಲ್ಲಿಂದ ತರಲ್ರೀ?"

"ಹಾಗಾದ್ರೆ ರದ್ದಾಗಿಲ್ಲ" ಎಂದ ಅರ್ಧಣ್ಣ. ಅವನ ಕಾಲು ವ್ಯಾನಿನ ಕಡೆಗೇ ಎಳೆಯುತ್ತಿತ್ತಂತೆ. ವ್ಯಾನಿನಲ್ಲಿ ಮೆತ್ತಗಿನ ಸೀಟು ಕೂಡ ಖಾಲಿಯಿತ್ತಂತೆ. ಆದರೆ ಆ ವ್ಯಾನು ಹತ್ತಿದರೆ ಇಳಿಯಬೇಕಾದದ್ದು ಮೊಳೆಯ ಮುಂದೆ. "ಅವಳು ಬೈಯಲ್ಲ ಕಣ್ರೀ, ಅದೇ ಕಷ್ಟ" ಎಂದು ನನಗೆ ಹೇಳಿದ. ಅತ್ತಿಗೆ ಕಟ್ಟಿಕೊಟ್ಟಿದ್ದ ಬ್ರೆಡ್ಡಿನ ಪೊಟ್ಟಣ ಬೆನ್ನಿಗಿತ್ತು. ತುಳಿದುಕೊಂಡು ಹೋಗಿಯೇಬಿಟ್ಟ.

ದಾರಿಯುದ್ದಕ್ಕೂ ಒಂದು ಶಟರನ್ನೂ ಬಿಡದೆ ಬಡಿದ. "ಸ್ವಾಮಿ, ಒಂದೇ ಒಂದು ಸೀಲು! ನಿಮಗೆ ಕೈಮುಗೀತೀನಿ!" ಒಳಗಿದ್ದವರು ಉಸಿರು ಬಿಗಿಹಿಡಿದು ಕೂತರು. ಶಟರಿನ ಸಂದಿಯಿಂದ ಒಬ್ಬ ಎರಡು ಪೊಟ್ಟಣ ಬಿಸ್ಕತ್ತು ತಳ್ಳಿ, "ಇಷ್ಟಕ್ಕೆ ಬಿಟ್ಟುಬಿಡಿ ಸಾರ್" ಎಂದು ಅತ್ತ. ಬಿಸ್ಕತ್ತು ಸಿಕ್ಕಿತು, ಸೀಲು ಸಿಗಲಿಲ್ಲ.

ನೂರನೆಯ ಕಿಲೋಮೀಟರಿನ ಕಲ್ಲಿನ ಹತ್ತಿರ, ತಿರುಗಿ ಬರಬೇಕಾದ ಜಾಗದಲ್ಲಿ, ಒಂದೇ ಒಂದು ಅಂಗಡಿ ತೆರೆದಿತ್ತು. ಅದಕ್ಕೆ ಮುಚ್ಚಲು ಶಟರೇ ಇರಲಿಲ್ಲ. ಮರದ ಕೆಳಗೆ ಒಂದು ಬೆಂಚು, ಒಂದು ಗಾಳಿ ಪಂಪು, ನೀರಿನ ತೊಟ್ಟಿ, ಮತ್ತು ಒಬ್ಬ ಪಂಕ್ಚರ್ ಅಜ್ಜ. ಲೈಸೆನ್ಸು ಎಂಬ ವಸ್ತುವನ್ನೇ ಕಾಣದ್ದರಿಂದ ಅಜ್ಜನಿಗೆ ಹೆದರಿಕೆಯೂ ಇರಲಿಲ್ಲ. ಅರ್ಧಣ್ಣನನ್ನು ಬೆಂಚಿನ ಮೇಲೆ ಮಲಗಿಸಿ, ತಲೆಗೆ ನೀರು ಹೊಯ್ದು, ಟೈರಿಗೆ ಗಾಳಿ ತುಂಬಿದ.

"ಅಜ್ಜ, ಸೀಲ್ ಇದೆಯಾ?"

"ಸೀಲ್ ಎಲ್ಲಿ ಬಂತಪ್ಪ? ಹೆಬ್ಬೆಟ್ಟು ಒತ್ತಲಾ?" ಎಂದು ಅಜ್ಜ ಗ್ರೀಸು ಹತ್ತಿದ ಹೆಬ್ಬೆರಳನ್ನು ಸಂಭ್ರಮದಿಂದ ಮುಂದೆ ಮಾಡಿದ.

ಅರ್ಧಣ್ಣ ಸಾಯುವಷ್ಟು ಸುಸ್ತಾಗಿದ್ದ. ಆದರೂ ಗುಮಾಸ್ತ ಎಚ್ಚರವಾಗಿದ್ದ. "ಬೇಡ. ಸೀಲಿಲ್ಲದ ಹೆಬ್ಬೆಟ್ಟು ನಡೆಯಲ್ಲ" ಎಂದು ಕಾರ್ಡನ್ನು ಹಿಂದಕ್ಕೆ ಎಳೆದುಕೊಂಡ. ಅಜ್ಜನ ಮುಖ ನೋಡುವ ಪುರುಸೊತ್ತು ಅವನಿಗಿರಲಿಲ್ಲ.

ಕತ್ತಲಾಗುವ ಮೊದಲೇ ಅವನು ಊರು ಸೇರಿದ. ಇನ್ನೂರು ಕಿಲೋಮೀಟರು, ಒಂದು ಗಜ ಕಡಿಮೆಯಿಲ್ಲ. ನೇರ ಡಾಕ್ಟರ ದವಾಖಾನೆಗೆ ಹೋಗಿ, ಕುರ್ಚಿಯಲ್ಲಿ ಬಾಯಿ ತೆರೆದು ಕುಳಿತಿದ್ದ ರೋಗಿಯ ಹೊಟ್ಟೆಯ ಮೇಲೆ ಕಾರ್ಡು ಇಟ್ಟ.

ಡಾಕ್ಟರು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು. "ಖಾಲಿ ಇದೆಯಲ್ರೀ."

"ಸೀಲ್ ಯಾರೂ ಕೊಡಲಿಲ್ಲ. ಆದ್ರೆ ನಾನು ಹೋಗಿದ್ದೆ."

"ಹೋಗಿರಬಹುದು. ಸೀಲಿಲ್ಲದ ಕಾರ್ಡು ಒಂದು ಕಾರ್ಡಾ? ನೀವೇ ಹೇಳಿ."

ಜೀವಮಾನವಿಡೀ ಅವನು ಆಫೀಸಿನ ಕಿಟಕಿಯ ಆ ಕಡೆ ನಿಂತವರಿಗೆ ಹೇಳಿದ ಮಾತೇ ಅದು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಮನೆಯಲ್ಲಿ ಅತ್ತಿಗೆಯ ತಮ್ಮ ಕಾದಿದ್ದ. ಖಾಲಿ ಕಾರ್ಡನ್ನು ದೀಪಕ್ಕೆ ಹಿಡಿದು ನೋಡಿ, "ಭಾವ, ಯಾವ ಮರದ ಕೆಳಗೆ ಮಲಗಿದ್ರಿ? ನೆರಳು ಚೆನ್ನಾಗಿತ್ತಾ?" ಎಂದ. ಅತ್ತಿಗೆ ಬಿಸಿನೀರು ತೋಡಿಕೊಟ್ಟರು, ಊಟಕ್ಕೆ ಬಡಿಸಿದರು. ಅವನು ಅರ್ಧ ಉಂಡು ಎದ್ದ. ಸ್ವಲ್ಪ ಹೊತ್ತಿಗೆ ಗಿಡ್ಡಗೋಡೆ ದಾಟಿ ಕುಂಟುತ್ತ ನನ್ನ ಬಾಗಿಲಿಗೆ ಬಂದ.

"ಇಕ್ಕಳ ಇದ್ರೆ ಕೊಡ್ತೀರಾ?"

ಕೊಟ್ಟೆ. ಕೊಡಬಾರದಿತ್ತೇನೋ, ಆದರೆ ಮುಂದೇನಾಗುತ್ತದೆ ಎಂದು ನೋಡುವ ಆಸೆ. ಅವನು ಸ್ಟೂಲು ಹತ್ತಿ ಮೊಳೆಗೆ ಇಕ್ಕಳ ಹಾಕಿ ಎಳೆದ. ಮೊಳೆ ಕಿರುಗುಟ್ಟುತ್ತ ಅರ್ಧ ಹೊರಗೆ ಬಂದು ನಿಂತುಬಿಟ್ಟಿತು. ಎಷ್ಟು ಎಳೆದರೂ ಅಲ್ಲಾಡಲಿಲ್ಲ. ಅವನು ಅದನ್ನೂ ಅರ್ಧಕ್ಕೆ ಬಿಟ್ಟು ಕೆಳಗಿಳಿದ. ಆವತ್ತು ನನಗೂ ನಗು ಬರಲಿಲ್ಲ, ನಿಜ ಹೇಳುತ್ತೇನೆ.

ಮರುದಿನ ಆಫೀಸಿನಲ್ಲಿ ಸಾಹೇಬರು ಅವನನ್ನು ಒಳಗೆ ಕರೆದರು. ಅವನಿಗೆ ಮೇಲಿನ ಹುದ್ದೆಯ ಆದೇಶ ಸಹಿಯಾಗುವುದೊಂದೇ ಬಾಕಿಯಿತ್ತು. ಆದರೆ ಸಾಹೇಬರ ಮೇಜಿನ ಮೇಲೆ ಬೇರೆ ಕಾಗದ ಬಿದ್ದಿತ್ತು. ಹೆದ್ದಾರಿಯ ಅಂಗಡಿಯವರೆಲ್ಲ ಸೇರಿ ಕೊಟ್ಟ ದೂರು.

"ಪುರಸಭೆ ಜಾಕೆಟ್ ಹಾಕ್ಕೊಂಡು, ಸೈಕಲ್ ಮೇಲೆ ಬಂದು, ಅಧಿಕಾರಿ ಥರ ಕಿರುಕುಳ ಕೊಟ್ಟಿದ್ದೀರಂತೆ. ನಿನ್ನೆ ದಿನವಿಡೀ ಶಟರ್ ಬಡಿದಿದ್ದೀರಂತೆ. ಇದು ಸಣ್ಣ ವಿಷಯ ಅಲ್ಲ" ಎಂದರು ಸಾಹೇಬರು. ಆಮೇಲೆ ದನಿ ತಗ್ಗಿಸಿದರು. ಅವರಿಗೆ ಫೈಲು ಬೆಳೆಯುವುದು ಇಷ್ಟವಿರಲಿಲ್ಲ. "ನೋಡ್ರಿ, ಹೆಲ್ಮೆಟ್ಟು, ಕನ್ನಡಕ ಇತ್ತು. ಮುಖ ಯಾರು ಕಂಡಿದ್ದಾರೆ? ಅವನು ನಾನಲ್ಲ, ನಾನು ಮನೇಲಿ ಜ್ವರ ಬಂದು ಮಲಗಿದ್ದೆ ಅಂತ ಒಂದು ಸಾಲು ಬರೆದುಕೊಡಿ. ಹಾವೂ ಸಾಯಲಿ, ಕೋಲೂ ಮುರಿಯದೆ ಇರಲಿ."

ಅರ್ಧಣ್ಣ ದೂರನ್ನು ಕೈಗೆತ್ತಿಕೊಂಡ. ಓದುತ್ತ ಓದುತ್ತ ಕಾಗದವನ್ನು ಕಣ್ಣಿನ ಹತ್ತಿರಕ್ಕೆ ತಂದ. ಬೇಕರಿಯವನು ಹಠಮಾರಿ; ಗಟ್ಟಿ ಪುರಾವೆ ಇಲ್ಲದಿದ್ದರೆ ಪುರಸಭೆಯವರು ದೂರನ್ನು ಕಸದಬುಟ್ಟಿಗೆ ಹಾಕುತ್ತಾರೆಂದು, ರಾತ್ರೋರಾತ್ರಿ ಊರೂರು ಸುತ್ತಿ ಪ್ರತಿ ಅಂಗಡಿಯವನಿಂದಲೂ ಬರೆಸಿದ್ದ. ಸದರಿ ವ್ಯಕ್ತಿ ನಮ್ಮ ಊರಿಗೆ ಇಷ್ಟು ಗಂಟೆಗೆ ಬಂದು ಶಟರು ಬಡಿದಿರುತ್ತಾನೆ, ತಿರುಗಿ ಬರುವಾಗ ಇಷ್ಟು ಗಂಟೆಗೆ ಮತ್ತೆ ಬಡಿದಿರುತ್ತಾನೆ. ಕೆಳಗೆ ಸಹಿ. ಸಹಿಯ ಮೇಲೆ ಅಂಗಡಿಯ ಸೀಲು! ಒಂದೊಂದು ಊರಿನದೂ, ಹೋಗುವ ದಾರಿಯದು, ಬರುವ ದಾರಿಯದು, ನೀಲಿ, ಕೆಂಪು, ನೇರಳೆ. ವೃತ್ತಗಳು ಪೂರ್ತಿ ಬಂದಿದ್ದವು. ಅವನೇ ತಿಂಗಳಾನುಗಟ್ಟಲೆ ಕಲಿಸಿದ್ದಲ್ಲವೇ?

"ನಾನೇ ಸಾರ್" ಎಂದ ಅರ್ಧಣ್ಣ.

"ಏನು?"

"ಪೂರ್ತಿ ನಾನೇ ಸಾರ್. ಹೋಗುವಾಗಲೂ ನಾನೇ, ಬರುವಾಗಲೂ ನಾನೇ!"

"ತಲೆ ಕೆಟ್ಟಿದೆಯೇನ್ರೀ? ಬಡ್ತಿ ಹೋಗುತ್ತೆ!"

"ಹೋಗ್ಲಿ ಸಾರ್. ಇದರದ್ದು ಒಂದು ಜೆರಾಕ್ಸ್ ಸಿಗುತ್ತಾ?" ಎಂದವನು ಮತ್ತೆ ಕಾಗದದಲ್ಲಿ ಬೆರಳಾಡಿಸಿ ತಟ್ಟನೆ ನಿಂತ. "ಸಾರ್, ಇದು ಅಪೂರ್ಣ ಇದೆ. ನೂರನೇ ಕಿಲೋಮೀಟರಿನ ದೂರು ಬಿಟ್ಟುಹೋಗಿದೆ. ಒಂದು ದಿನ ಟೈಮ್ ಕೊಡಿ, ತಂದುಕೊಡ್ತೀನಿ."

ತನ್ನ ಮೇಲಿನ ದೂರನ್ನು ಪೂರ್ತಿ ಮಾಡಿಕೊಡಲು ರಜೆ ಕೇಳಿದ ಗುಮಾಸ್ತನನ್ನು ಸಾಹೇಬರು ತಮ್ಮ ಸರ್ವೀಸಿನಲ್ಲಿ ಮೊದಲ ಸಲ ಕಂಡರು. ರಜೆ ಮಂಜೂರಾಯಿತು.

ಅರ್ಧಣ್ಣ ಬಸ್ಸು ಹತ್ತಿ ಪಂಕ್ಚರ್ ಅಜ್ಜನ ಮರದ ಕೆಳಗೆ ಇಳಿದ. ಕೂರಲು ಆಗುತ್ತಿರಲಿಲ್ಲವಾದ್ದರಿಂದ ಬಸ್ಸಿನಲ್ಲಿ ನಿಂತೇ ಹೋಗಿದ್ದ.

"ಅಜ್ಜ, ನನ್ನ ಮೇಲೆ ಒಂದು ದೂರು ಕೊಡಿ."

ಅಜ್ಜ ಟ್ಯೂಬಿನಿಂದ ತಲೆ ಎತ್ತಲಿಲ್ಲ. "ನಿನ್ನ ಮೇಲೆ ಎಂಥ ದೂರು? ನೀರು ಕೇಳಿದೆ, ಕೊಟ್ಟೆ. ಹೋದೆ."

"ಕಿರುಕುಳ ಕೊಟ್ಟೆ ಅನ್ನಿ."

"ಕೊಡಲಿಲ್ಲವಲ್ಲ. ಸುಳ್ಳು ಯಾಕೆ ಹೇಳಲಿ?"

"ಗದರಿಸಿದೆ ಅನ್ನಿ. ಏನಾದ್ರೂ ಅನ್ನಿ ಅಜ್ಜ, ನಿಮ್ಮ ಕಾಲು ಹಿಡೀತೀನಿ. ನನ್ನಿಂದ ನಿಮಗೆ ಏನೂ ಬೇಜಾರಾಗಲಿಲ್ವಾ?"

ಅಜ್ಜ ಟ್ಯೂಬು ಕೆಳಗಿಟ್ಟ. "ಆಯ್ತು. ನನ್ನ ಹೆಬ್ಬೆಟ್ಟು ಬೇಡ ಅಂದೆ."

ಅರ್ಧಣ್ಣ ಜೇಬಿನಿಂದ ಪೆನ್ನು ತೆಗೆದ.

"ನಲವತ್ತು ವರ್ಷದಿಂದ ಈ ಕೈಯಲ್ಲಿ ಟೈರು ಬಿಚ್ತಿದ್ದೀನಿ. ನನ್ನ ಹತ್ರ ಯಾರೂ ಯಾವತ್ತೂ ಸೀಲು, ಸಹಿ ಅಂತ ಕೇಳಿದ್ದಿಲ್ಲ. ನೀನು ಕೇಳಿದೆ. ಖುಷಿಯಾಯ್ತು. ಕೈ ಚಾಚಿದ್ರೆ ಕಾಗದ ಎಳ್ಕೊಂಡೆ. ಆವತ್ತೆಲ್ಲ ಊಟ ಸೇರಲಿಲ್ಲ ನನಗೆ. ಬರಕೋ."

ಅರ್ಧಣ್ಣ ಬೆಂಚಿನ ಮೇಲೆ ಕಾಗದವಿಟ್ಟು, ತನ್ನ ಮೇಲಿನ ದೂರನ್ನು ತನ್ನ ಕೈಯಾರೆ, ಅಜ್ಜ ಹೇಳಿದಂತೆಯೇ ಬರೆದ. ಆ ದೂರುಗಳ ಕಂತೆಯಲ್ಲಿ ನಿಜವಾದದ್ದು ಅದೊಂದೇ ಎಂದು ಅವನಿಗೂ ಗೊತ್ತಾಯಿತು. "ತಪ್ಪಾಯ್ತು ಅಜ್ಜ" ಎಂದ. ಅಜ್ಜ ಗ್ರೀಸು ಮೆತ್ತಿದ ಹೆಬ್ಬೆರಳನ್ನು ಕಾಗದದ ನಟ್ಟನಡುವೆ ಗಟ್ಟಿಯಾಗಿ ಒತ್ತಿ, ದೂರ ಹಿಡಿದು ನೋಡಿ ತೃಪ್ತಿಪಟ್ಟ.

ಮುಂದಿನದೆಲ್ಲ ಬೇಗ ಆಯಿತು. ಅರ್ಧಣ್ಣ ತಾನೇ ಹೋಗಿ ಆ ಪುಟವನ್ನು ದೂರಿಗೆ ಸೇರಿಸಿ, ಪುರಸಭೆಯ ಸ್ವೀಕೃತಿ ಸೀಲು ಹಾಕಿಸಿ, ಎಲ್ಲ ಆರೋಪಗಳನ್ನೂ ಒಪ್ಪಿಕೊಂಡು ಬರೆದುಕೊಟ್ಟ. ಬಡ್ತಿ ಹೋಯಿತು. ಅವನನ್ನು ಸೀಲಿನ ಮೇಜಿನಿಂದ ಎಬ್ಬಿಸಿ ಹಿಂದಿನ ಹಳೇ ಕಡತಗಳ ಕೋಣೆಗೆ ಹಾಕಿದರು. ಅಲ್ಲಿ ಇರುವುದು ಧೂಳು ಮತ್ತು ಇಲಿ. ಡಾಕ್ಟರು ಮಾತ್ರ ದೂರಿನ ಪ್ರತಿಯನ್ನು ಕನ್ನಡಿ ಹಿಡಿದು ಹಲ್ಲು ನೋಡುವಷ್ಟು ಶ್ರದ್ಧೆಯಿಂದ ನೋಡಿ, "ಅಂಗಡಿಯವನ ಸೀಲು, ಸಮಯ, ಸಹಿ ಬೇಕು ಅಂತ ನಿಯಮ ಇದೆ. ಅಂಗಡಿಯವನಿಗೆ ನಿಮ್ಮ ಮೇಲೆ ಪ್ರೀತಿ ಇರಬೇಕು ಅಂತ ಎಲ್ಲೂ ಇಲ್ಲ" ಎಂದು ಪದಕ ಕೊಟ್ಟರು. ಕೊನೆಯ ಪುಟಕ್ಕೆ ಬಂದಾಗ, "ಅಲ್ರೀ, ಸೀಲೇ ಇಲ್ಲದ ಕಡೆ ಹೆಬ್ಬೆಟ್ಟೂ ನಡೆಯುತ್ತೆ. ಇದನ್ನ ಆವತ್ತೇ ಕಾರ್ಡಿನ ಮೇಲೆ ಒತ್ತಿಸಿಕೊಂಡಿದ್ರೆ ಆ ಜಾಗದ ಮಟ್ಟಿಗಾದರೂ ನಡೀತಿತ್ತಲ್ಲ" ಎಂದರಂತೆ. ಅರ್ಧಣ್ಣ ಆ ರಾತ್ರಿ ನಿದ್ದೆ ಮಾಡಲಿಲ್ಲ.

ಅತ್ತಿಗೆಯ ತಮ್ಮ ಸುದ್ದಿ ಕೇಳಿ ಓಡಿಬಂದ. "ಅಂತೂ ಭಾವ ಒಂದು ಕೆಲಸ ಪೂರ್ತಿ ಮುಗಿಸಿದ್ರಲ್ಲಕ್ಕ, ಬಡ್ತೀನ!" ಎಂದು ತೊಡೆ ತಟ್ಟಿಕೊಂಡ. ಅತ್ತಿಗೆ ನನ್ನ ಹತ್ತಿರ ಸುತ್ತಿಗೆ ಇಸಿದುಕೊಂಡು ಹೋದರು. ಸ್ಟೂಲು ಹತ್ತಿ, ಅರ್ಧ ಹೊರಗೆ ಬಂದು ನಿಂತಿದ್ದ ಮೊಳೆಯನ್ನು ಎರಡೇ ಏಟಿಗೆ ಒಳಕ್ಕೆ ಇಳಿಸಿದರು. ಗಾಜು ಹಾಕಿಸಿ ತಂದಿದ್ದ ದೊಡ್ಡ ಫ್ರೇಮೊಂದನ್ನು ಅದಕ್ಕೆ ತೂಗುಹಾಕಿದರು. ಪದಕ ಎಲ್ಲಿ ಹೋಯಿತೋ ಗೊತ್ತಿಲ್ಲ, ಫ್ರೇಮಿನಲ್ಲಿದ್ದದ್ದು ದೂರು, ಎಲ್ಲ ಪುಟಗಳೂ ಒಂದರ ಪಕ್ಕ ಒಂದು, ಸೀಲುಗಳ ಸಮೇತ, ಕೊನೆಯಲ್ಲಿ ಕಪ್ಪು ಹೆಬ್ಬೆಟ್ಟು.

ತಮ್ಮ ಎದ್ದು ಹೋಗಿ ಅದರ ಮುಂದೆ ನಿಂತ. "ಮಾನ್ಯರೇ, ಸದರಿ ವ್ಯಕ್ತಿಯ ಉಪಟಳ ತಾಳಲಾರದೆ..." ಎಂದು ಗಟ್ಟಿಯಾಗಿ ಓದಿ ನಕ್ಕು, ಎರಡನೆಯ ಊರು ಬರುವಷ್ಟರಲ್ಲಿ ನಗು ಸಾಲದೆ ಕುರ್ಚಿಯ ಕಡೆಗೆ ತಿರುಗಿದ.

ಅತ್ತಿಗೆ ಸುತ್ತಿಗೆಯನ್ನು ಇನ್ನೂ ಕೈಯಲ್ಲೇ ಹಿಡಿದಿದ್ದರು. "ಪೂರ್ತಿ ಓದೋ" ಎಂದರು. "ಮಧ್ಯದಲ್ಲಿ ಬಿಡಬೇಡ."